ಸೊನ್ನಲಿಗೆಯ ಸಂಕ್ರಾಂತಿ ಜಾತ್ರೆ

ಜಾತ್ರೆ ಎಂಬ ಮಾತು ಸಂಸ್ಕೃತದ ‘ಯಾತ್ರಾ’ ಶಬ್ದದ ತದ್ಭವವೆಂದು ನಾವೆಲ್ಲರೂ ವ್ಯಾಕರಣದ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ತದ್ಭವವಾದ ಮೇಲೆ ಆ ಮಾತಿನ ಅರ್ಥವು ಮೂಲಕ್ಕಿಂತ ಬಹಳ ವಿಸ್ತಾರವಾಯಿತು. ಯಾತ್ರೆಯೆಂದರೆ ದೇವರ ಬಳಿಗೆ ಹೋಗುವುದು. ಜಾತ್ರೆಯೆಂದರೆ ದೇವರ ಬಳಿಗೆ ಹೋಗುವುದರ ಜೊತೆಗೆ ಎತ್ತು ಕೊಳ್ಳುವುದು, ಬಳೆ ಇಡಿಸಿಕೊಳ್ಳುವುದು, ಬೀಗರನ್ನು ಕಾಣುವುದು, ಬೆಂಡು ಬತ್ತಾಸು ತಿನ್ನುವುದು, ನೆರೆಯೂರಿನವನ ಹೊಲದಲ್ಲಿ ಈ ಸಲ ಏನು ಬೆಳೆಯಿತೆಂದು ಕೇಳಿ ತಿಳಿಯುವುದು, ಇವೆಲ್ಲವೂ ಆಗಿದೆ.

ಪುಣೆಯಲ್ಲಿ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಕೃಷಿ ಪ್ರದರ್ಶನವೆಂಬುದು ಹೊಸ ಮಾತೇನಲ್ಲ. ಡಿಸೆಂಬರ ತಿಂಗಳಲ್ಲಿ ಮೋಶಿಯ ವಿಶಾಲವಾದ ಬಯಲಿನಲ್ಲಿ ಅಂಥದೊಂದು ನಡೆಯುತ್ತದೆ. ಟ್ರ್ಯಾಕ್ಟರುಗಳು, ಹನಿ ನೀರಾವರಿಯ ಕೊಳವೆಗಳು, ಔಷಧ ಸಿಂಪಡಿಸುವ ಡ್ರೋನುಗಳು ಅಲ್ಲಿ ಸಾಲುಗೊಂಡು ನಿಂತಿರುತ್ತವೆ. ಅದನ್ನು ನೋಡಿ ಬಂದ ಹುಡುಗನೊಬ್ಬನು ನನ್ನನ್ನು, “ಇಂಥ ಪ್ರದರ್ಶನಗಳು ಇಲ್ಲದಿದ್ದ ಕಾಲದಲ್ಲಿ ರೈತರು ಹೊಸದನ್ನು ಹೇಗೆ ಕಲಿಯುತ್ತಿದ್ದರು?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರವಾಗಿ, ನಾನು ಚಿಕ್ಕಂದಿನಿಂದ ಕಂಡ ಒಂದು ಜಾತ್ರೆಯ ವಿಷಯವನ್ನು ಇಲ್ಲಿ ಬರೆಯುತ್ತೇನೆ. ಅದು ಪುಣೆಯಿಂದ ಸುಮಾರು ೨೫೦ ಕಿಲೋಮೀಟರು ದೂರದ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ. ಸುತ್ತಣ ಹಳ್ಳಿಗಳ ಒಕ್ಕಲುಮಕ್ಕಳಿಗೆ ಅದು ದೇವರ ಉತ್ಸವವೂ ಹೌದು, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಪಾಠಶಾಲೆಯೂ ಹೌದು.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ೧೨ನೆಯ ಶತಮಾನದಲ್ಲಿ ಇಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಸಿದ್ಧರಾಮನು ಜನಿಸಿದನು. ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಿಂದ ವಚನಗಳನ್ನು ಬರೆದ ಶಿವಯೋಗಿ ಈತನೇ. ಈತನ ಜೀವನವನ್ನು ಹರಿಹರನ ಶಿಷ್ಯನಾದ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ವೆಂಬ ಷಟ್ಪದಿ ಕಾವ್ಯದಲ್ಲಿ ವರ್ಣಿಸಿದ್ದಾನೆ. ದನ ಮೇಯಿಸಿಕೊಂಡು ಹೊಲ ಕಾಯುತ್ತಿದ್ದ ಬಾಲಕನ ಎದುರಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮವೇಷದಿಂದ ಬಂದು ಎಳೆಯ ತೆನೆಯನ್ನು ಬೇಡುತ್ತಾನೆ. ಅನಂತರ ಮೊಸರನ್ನವನ್ನು ಬಯಸುತ್ತಾನೆ. ಹುಡುಗನು ಮನೆಗೆ ಓಡಿಹೋಗಿ ಅನ್ನ ತರುವಷ್ಟರಲ್ಲಿ ಅತಿಥಿ ಮಾಯವಾಗಿರುತ್ತಾನೆ. ಮಲ್ಲಯ್ಯನನ್ನು ಕರೆಯುತ್ತ ಅಳುತ್ತ ಸಿದ್ಧರಾಮನು ಶ್ರೀಶೈಲದವರೆಗೆ ನಡೆದುಬಿಡುತ್ತಾನೆ. ಬೇರೆ ಕಥೆಗಳಲ್ಲಿ ದೇವರು ಘೋರಾರಣ್ಯದಲ್ಲಿ ಪ್ರತ್ಯಕ್ಷನಾಗುವುದುಂಟು. ನಮ್ಮ ಸೊನ್ನಲಿಗೆಯ ಕಥೆಯಲ್ಲಿ ಆತನು ಹೊಲದ ಬದುವಿನ ಮೇಲೆ ಕಾಣಿಸಿಕೊಂಡನು, ಕಾಣಿಸಿಕೊಂಡು ತೆನೆಯನ್ನು ಕೇಳಿದನು.

ಶ್ರೀಶೈಲದಿಂದ ಹಿಂದಿರುಗಿದ ಸಿದ್ಧರಾಮನು ಊರಿನಲ್ಲಿ ಗುಡಿ ಕಟ್ಟಿಸಿದನು, ಕೆರೆ ತೋಡಿಸಿದನು. ಸೊಲ್ಲಾಪುರದ ಸೀಮೆಯು ಮಳೆ ಕಡಿಮೆ ಬೀಳುವ ಸೀಮೆ. ಅಲ್ಲಿ ಕೆರೆ ತೋಡಿಸುವುದೆಂದರೆ ಊರಿಗೆ ಜೀವ ಕೊಡುವುದೆಂದೇ ಅರ್ಥ. ಅಲ್ಲಮಪ್ರಭುವು ಅಲ್ಲಿಗೆ ಬಂದು, ಮಣ್ಣು ಹೊರುವವರ ನಡುವೆ ಸಿದ್ಧರಾಮನನ್ನು ‘ಒಡ್ಡರಾಮ’ನೆಂದು ಹಂಗಿಸಿ ಕರೆದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಹಂಗಿಸಿದ ಆ ಹೆಸರೇ ಮುಂದೆ ಮಣ್ಣು ಕಲ್ಲುಗಳ ಕೆಲಸ ಮಾಡುವ ಜನರಿಗೆ ಅಭಿಮಾನದ ಹೆಸರಾಯಿತು. ಭೋವಿ ಸಮಾಜದವರು ಇಂದಿಗೂ ಸಿದ್ಧರಾಮನನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಸಿದ್ಧೇಶ್ವರನ ಗುಡಿಯು ಈಗಲೂ ಕೆರೆಯ ನೀರಿನ ನಡುವೆ ನಡುಗಡ್ಡೆಯಂತೆ ನಿಂತಿದೆ.

ಜಾತ್ರೆಯು ಮಕರಸಂಕ್ರಮಣದ ಸುಮಾರಿಗೆ ನೆರೆಯುತ್ತದೆ. ಸಿದ್ಧರಾಮನು ಯೋಗಿ. ಆತನನ್ನೇ ವರಿಸಬೇಕೆಂದು ಹಟ ಹಿಡಿದ ಕುಂಬಾರ ಕನ್ಯೆಯೊಬ್ಬಳಿಗೆ ಆತನು ತನ್ನ ಯೋಗದಂಡದೊಡನೆ ವಿವಾಹವಾಗಲು ಅನುಮತಿಯಿತ್ತನೆಂದು ಜನರ ನಂಬಿಕೆ. ಆ ವಿವಾಹವೇ ಜಾತ್ರೆಯ ತಿರುಳು. ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಹೊರಡುತ್ತವೆ. ಬಹು ಎತ್ತರದ ಆ ಕೋಲುಗಳನ್ನು ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಸರತಿಯಿಂದ ಎತ್ತಿ ಹಿಡಿದು ನಡೆಯುತ್ತಾರೆ. ಮೊದಲ ದಿನ ಊರ ಸುತ್ತಣ ೬೮ ಲಿಂಗಗಳಿಗೆ ಎಣ್ಣೆಯ ಅಭಿಷೇಕ. ಮರುದಿನ ಸಮ್ಮತಿಕಟ್ಟೆಯ ಬಳಿಯಲ್ಲಿ ಅಕ್ಷತೆ. ಆಮೇಲೆ ಹೋಮ, ಮದ್ದು ಸುಡುವ ಸಂಭ್ರಮ, ಕೊನೆಗೆ ನಂದಿಧ್ವಜಗಳ ವಸ್ತ್ರಗಳನ್ನು ಕಳಚುವ ವಿಧಿ.

ಇಲ್ಲಿ ಒಂದು ಸೋಜಿಗವಿದೆ. ಇಂದು ಸೊಲ್ಲಾಪುರದ ಬೀದಿಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮರಾಠಿ. ನೇಕಾರರ ಕೇರಿಗಳಲ್ಲಿ ತೆಲುಗು. ಆದರೂ ಎಣ್ಣೆಯ ಅಭಿಷೇಕಕ್ಕೆ ಅಲ್ಲಿಯ ಮರಾಠಿ ಪತ್ರಿಕೆಗಳು ‘ಯಣ್ಣಿಮಜ್ಜನ’ವೆಂದೇ ಅಚ್ಚು ಹಾಕುತ್ತವೆ. ಅದು ನಮ್ಮ ‘ಎಣ್ಣೆಮಜ್ಜನ’. ಕೊನೆಯ ದಿನದ ವಿಧಿಗೆ ‘ಕಪ್ಪಡಕಳಿ’ ಎಂದು ಹೆಸರು. ಕಪ್ಪಡವೆಂದರೆ ಬಟ್ಟೆ, ಕಳೆಯುವುದೆಂದರೆ ತೆಗೆಯುವುದು. ಸಮ್ಮತಿಯ ಸಮಯದಲ್ಲಿ ‘ಸತ್ಯಂ’ ಎಂಬುದರ ಜೊತೆಗೆ ‘ದಿಡ್ಡಂ’ ಎಂಬ ಮಾತು ಕೇಳಿಬರುವಾಗ ನಮಗೆ ‘ದಿಟ’ವೆಂಬ ನಮ್ಮ ಮಾತು ನೆನಪಾಗದೆ ಇರದು. ಸಾವಿರಾರು ಜನರು ಆ ಮಾತಿಗೆ ಅಕ್ಷತೆ ತೂರುತ್ತಾರೆ. ಅವರಲ್ಲಿ ಕನ್ನಡ ಬಲ್ಲವರೂ ಬಾರದವರೂ ಇರುತ್ತಾರೆ. ಭಾಷೆಯು ಪುಸ್ತಕದಲ್ಲಿ ಉಳಿಯುವಂತೆ ಜಾತ್ರೆಯಲ್ಲಿಯೂ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಒಕ್ಕಲುತನದ ಮಾತಿಗೆ ಬರೋಣ. ಈ ಜಾತ್ರೆಯು ಸಂಕ್ರಾಂತಿಗೇ ಏಕೆ ನೆರೆಯಬೇಕು? ಪಂಚಾಂಗದ ಕಾರಣವನ್ನು ಎಲ್ಲರೂ ಬಲ್ಲರು. ಹೊಲದ ಕಾರಣವೂ ಒಂದುಂಟು. ಆ ಹೊತ್ತಿಗೆ ಮುಂಗಾರಿನ ರಾಶಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತವೆ. ಸಪ್ಟೆಂಬರ, ಅಕ್ಟೋಬರ ತಿಂಗಳುಗಳಲ್ಲಿ ಬಿತ್ತಿದ ಹಿಂಗಾರಿ ಜೋಳವು ತೆನೆ ಹಿರಿದು ನಿಂತಿರುತ್ತದೆ. ಕಾಳು ಇನ್ನೂ ಎಳೆಯದಾಗಿರುವುದರಿಂದ ಕೊಯ್ಲಿಗೆ ಬಂದಿರುವುದಿಲ್ಲ. ಆ ಎಳೆಗಾಳನ್ನು ಬೆಂಕಿಯಲ್ಲಿ ಸುಟ್ಟು, ಉಜ್ಜಿ ತಿನ್ನುವ ಸೀತನಿಯ ಕಾಲವೂ ಅದೇ. ಹೊಲದಲ್ಲಿ ಎತ್ತಿಗೆ ಕೆಲಸವಿಲ್ಲ. ದಾರಿಗಳು ಒಣಗಿವೆ, ರಾತ್ರಿಗಳು ತಂಪಾಗಿವೆ, ದನಗಳನ್ನು ದೂರ ನಡೆಸಿಕೊಂಡು ಬರಲು ಅನುಕೂಲ. ಇನ್ನೊಂದೆರಡು ತಿಂಗಳಲ್ಲಿ ಜೋಳ ಕೊಯ್ದು, ಕಣ ಮಾಡಿ, ಮೇಟಿಯ ಸುತ್ತ ಹಂತಿ ಹೊಡೆಯಬೇಕಾಗುತ್ತದೆ; ಅದಾದೊಡನೆ ಬೇಸಿಗೆಯ ಮಾಗಿ ಉಳುಮೆ. ಆದುದರಿಂದ ಎತ್ತು ಕೊಳ್ಳುವವನು ಸಂಕ್ರಾಂತಿಗೆ ಕೊಂಡರೆ ಅದನ್ನು ಪಳಗಿಸಿಕೊಳ್ಳಲು ಬೇಕಾದಷ್ಟು ದಿನಗಳು ದೊರೆಯುತ್ತವೆ. ವಿಜಯಪುರದಲ್ಲಿಯೂ ಇದೇ ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆಯೂ ದನಗಳ ಸಂತೆಯೂ ನೆರೆಯುವುದನ್ನು ನೋಡಿದರೆ ಇದು ಕಾಕತಾಳೀಯವಲ್ಲವೆಂದು ಯಾರಿಗಾದರೂ ತಿಳಿಯುತ್ತದೆ.

ದನಗಳ ಸಂತೆಯೇ ಹಿಂದಿನವರ ಕೃಷಿ ಪ್ರದರ್ಶನ. ಈ ಸೀಮೆಯ ಹೆಸರಾಂತ ತಳಿ ಖಿಲಾರಿ. ಬೆಳ್ಳಗಿನ ಮೈ, ನೀಳವಾದ ಮುಖ, ಬಿಲ್ಲಿನಂತೆ ಹಿಂದಕ್ಕೆ ಬಾಗಿ ಮೇಲೇರಿದ ಕೊಂಬು, ಗಟ್ಟಿಯಾದ ಗೊರಸು. ಸೊಲ್ಲಾಪುರ, ಸಾಂಗಲಿ, ಸಾತಾರಾ, ವಿಜಯಪುರ ಜಿಲ್ಲೆಗಳ ಒಣಭೂಮಿಯಲ್ಲಿ ಕಡಿಮೆ ಮೇವು ತಿಂದು ದೂರ ನಡೆಯಬಲ್ಲ ದನವಿದು. ಇದರ ಮೂಲವನ್ನು ಮೈಸೂರು ಸೀಮೆಯ ಹಳ್ಳಿಕಾರ ಮತ್ತು ಅಮೃತಮಹಲ್ ದನಗಳೊಂದಿಗೆ ಬಲ್ಲವರು ಜೋಡಿಸುತ್ತಾರೆ. ಜಾತ್ರೆಗೆ ಬಂದ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಕಸೂತಿಯ ಜೂಲು. ಆದರೆ ಬಲ್ಲ ರೈತನು ಅಲಂಕಾರವನ್ನು ನೋಡುವುದಿಲ್ಲ; ಬಾಯಿಯನ್ನು ಬಿಡಿಸಿ ನೋಡುತ್ತಾನೆ.

ಬಾಲಮಿತ್ರರೇ, ದನಕ್ಕೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲವೆಂಬುದು ನಿಮಗೆ ಗೊತ್ತೇ? ಕೆಳಗಡೆ ಎಂಟು ಹಲ್ಲುಗಳಿವೆ. ಹಾಲುಹಲ್ಲುಗಳು ಉದುರಿ ಎರಡೆರಡಾಗಿ ದೊಡ್ಡ ಹಲ್ಲುಗಳು ಬರುತ್ತವೆ. ಮೊದಲ ಜೋಡಿ ಬರುವುದು ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಎಂಟೂ ತುಂಬುವುದು ಸುಮಾರು ಐದನೆಯ ವರ್ಷಕ್ಕೆ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಬಾಯಿಗೂಡಿದ್ದು ಎಂದು ರೈತರು ಹೇಳುವುದು ಇದನ್ನೇ. ಹೀಗೆ ಜನ್ಮಪತ್ರಿಕೆಯು ದನದ ಬಾಯಲ್ಲಿಯೇ ಇರುವುದರಿಂದ ವಯಸ್ಸಿನ ವಿಷಯದಲ್ಲಿ ಮೋಸಕ್ಕೆ ಅವಕಾಶ ಕಡಿಮೆ. ಬಳಿಕ ಮೈಮೇಲಿನ ಸುಳಿಗಳನ್ನು ಪರೀಕ್ಷಿಸುತ್ತಾರೆ, ಗೊರಸನ್ನು ಒತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊನೆಗೆ ಬೆಲೆಯ ಮಾತು. ಅದು ಬಾಯಿಂದ ಆಡುವ ಮಾತಲ್ಲ. ಕೊಳ್ಳುವವನೂ ಮಾರುವವನೂ ಒಂದು ವಸ್ತ್ರದ ಮರೆಯಲ್ಲಿ ಕೈ ಹಿಡಿದುಕೊಂಡು ಬೆರಳುಗಳನ್ನು ಒತ್ತುತ್ತಾರೆ. ಒಂದೊಂದು ಬೆರಳಿಗೆ ಒಂದೊಂದು ಬೆಲೆ. ಸುತ್ತ ನಿಂತವರಿಗೆ ಇಬ್ಬರ ಮುಖಗಳು ಮಾತ್ರ ಕಾಣುತ್ತವೆ. ವ್ಯವಹಾರ ಕೂಡದೆ ಹೋದರೆ ಯಾರಿಗೂ ನಾಚಿಕೆಯಿಲ್ಲ. ಬಡವನು ಎಷ್ಟಕ್ಕೆ ಕೊಟ್ಟನೆಂಬುದು ಊರ ಮಾತಾಗುವುದಿಲ್ಲ.

ಈ ಮರೆಯ ಬೆಲೆಯನ್ನು ನಾನು ಚೆನ್ನಾಗಿ ತಿಳಿದುಕೊಂಡುದು ೧೯೭೩ರ ಸಂಕ್ರಾಂತಿಯಲ್ಲಿ. ನನಗಾಗ ಹತ್ತು ವರ್ಷ. ನಮ್ಮದು ಸೊಲ್ಲಾಪುರಕ್ಕೆ ದಕ್ಷಿಣದ ಒಂದು ಕನ್ನಡ ಹಳ್ಳಿ. ೧೯೭೨ರಲ್ಲಿ ಮಹಾರಾಷ್ಟ್ರದ ಬಹುಭಾಗಕ್ಕೆ ಮಳೆ ಕೈಕೊಟ್ಟು ಭೀಕರವಾದ ಬರಗಾಲ ಬಂದಿತು. ನಮ್ಮ ಬಾವಿ ಬತ್ತಿತು. ಕಣಿಕೆಯ ಬಣವೆ ಕರಗಿತು. ತಂದೆತಾಯಿಗಳು ಸರಕಾರ ತೆರೆದ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗತೊಡಗಿದರು. ಎತ್ತುಗಳನ್ನು ಉಪವಾಸ ಕೆಡವುವುದಕ್ಕಿಂತ ಮೇವುಳ್ಳವನ ಮನೆ ಸೇರಿಸುವುದು ಲೇಸೆಂದು ಅಜ್ಜ ನಿಶ್ಚಯಿಸಿದರು. ಆರು ವರ್ಷಗಳ ಹಿಂದೆ ಎರಡು ಹಲ್ಲಿನವಾಗಿದ್ದಾಗ ಅವನ್ನು ಕೊಂಡು ತಂದುದು ಅದೇ ಜಾತ್ರೆಯಿಂದ. ಅವುಗಳೊಡನೆ ನಾನೂ ಅಜ್ಜನೂ ಎರಡು ರಾತ್ರಿ ನಡೆದು ಸೊಲ್ಲಾಪುರ ಸೇರಿದೆವು.

ಆ ವರ್ಷ ಸಂತೆಯಲ್ಲಿ ಮಾರುವವರೇ ಹೆಚ್ಚು, ಕೊಳ್ಳುವವರು ವಿರಳ. ದಲ್ಲಾಳಿಯೊಬ್ಬನು ಬಂದು ಅಜ್ಜನ ಕೈ ಹಿಡಿದನು. ಅಜ್ಜ ವಸ್ತ್ರದ ಒಳಗಿನಿಂದ ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಮೂರನೆಯ ದಿನ ಭೀಮೆಯ ದಂಡೆಯ ರೈತನೊಬ್ಬ ಬಂದನು. ಅವನ ಬಾವಿಯಲ್ಲಿ ಇನ್ನೂ ನೀರಿತ್ತಂತೆ. ಅವನು ಹಲ್ಲು ನೋಡಿದನು, ಗೊರಸು ನೋಡಿದನು, ಬಡಕಲಾದ ಪಕ್ಕೆಗಳ ಮೇಲೆ ಕೈಯಾಡಿಸಿದನು. ಅವುಗಳ ಬಗೆಗೆ ಒಂದು ಮಾತನ್ನೂ ಆಡಲಿಲ್ಲ. ವಸ್ತ್ರದ ಕೆಳಗೆ ಕೈಗಳು ಬಹಳ ಹೊತ್ತು ಇದ್ದವು. ಎಷ್ಟಕ್ಕೆ ಕೂಡಿತೆಂದು ಅಜ್ಜ ಜೀವವಿರುವವರೆಗೆ ಯಾರಿಗೂ ಹೇಳಲಿಲ್ಲ. ಹಣ ಎಣಿಸಿಕೊಂಡ ಮೇಲೆ ಅವರು ಕೊಂಡವನಿಗೆ, “ಎಡಗಡೆಯದನ್ನು ಎಡಕ್ಕೇ ಹೂಡು. ಜೊತೆಯದು ಕುಡಿದ ಮೇಲೆಯೇ ಅದು ನೀರಿಗೆ ಬಾಯಿ ಹಚ್ಚುತ್ತದೆ, ಅವಸರ ಮಾಡಬೇಡ” ಎಂದು ಹೇಳಿದರು. ಅವನು ಅದನ್ನು ಎರಡು ಸಲ ಕೇಳಿ ತಿಳಿದುಕೊಂಡನು. ತಾನು ತಂದ ಹೊಸ ಹಗ್ಗದಿಂದ ಎತ್ತುಗಳನ್ನು ಕಟ್ಟಿಕೊಂಡು ಹೋದನು. ನಮ್ಮ ಹಳೆಯ ಹಗ್ಗಗಳು ಅಜ್ಜನ ಹೆಗಲ ಮೇಲೆ ಊರಿಗೆ ಮರಳಿದವು.

ಅದೇ ಬೇಸಿಗೆಯಲ್ಲಿ ನನ್ನ ತಂದೆ ಕೆಲಸ ಹುಡುಕುತ್ತ ಪುಣೆಗೆ ಬಂದು ಪಿಂಪರಿಯ ಒಂದು ಕಾರಖಾನೆ ಸೇರಿದರು. ನಾನು ಈ ನಗರದ ಕನ್ನಡ ಶಾಲೆಯ ಬಾಗಿಲನ್ನು ಕಂಡುದು ಹಾಗೆ. ನಮ್ಮ ಶಾಲೆಯಲ್ಲಿ ಓದುವ ಅನೇಕ ಮಕ್ಕಳ ಮನೆತನಗಳ ಇತಿಹಾಸವನ್ನು ವಿಚಾರಿಸಿದರೆ ಇಂಥದೊಂದು ಬರಗಾಲವೂ ಇಂಥದೊಂದು ಮಾರಾಟವೂ ಸಿಕ್ಕೀತು. ಇದನ್ನು ನಾನು ದುಃಖಕ್ಕಾಗಿ ಬರೆಯುತ್ತಿಲ್ಲ. ನನಗೆ ಆಶ್ಚರ್ಯವೆನಿಸುವುದು ಮುಂದಿನ ಸಂಗತಿ. ಎತ್ತುಗಳಿಲ್ಲದ ಅಜ್ಜ ಆ ಮೇಲೆಯೂ ಪ್ರತಿ ಸಂಕ್ರಾಂತಿಗೆ ಜಾತ್ರೆಗೆ ಹೋಗುವುದನ್ನು ಬಿಡಲಿಲ್ಲ. ಏಕೆಂದು ಕೇಳಿದರೆ, “ನೋಡಲಿಕ್ಕೆ” ಎನ್ನುತ್ತಿದ್ದರು. ಯಾವ ಊರಿನ ದನ ಹೇಗಿದೆ, ಯಾರು ಯಾವ ಬೀಜ ಬಿತ್ತಿದರು, ಹೊಸ ಕೂರಿಗೆಯ ತಾಳುಗಳ ನಡುವಿನ ಅಂತರವೆಷ್ಟು, ಇವನ್ನೆಲ್ಲ ನೋಡಿ ಬರುತ್ತಿದ್ದರು. ಎತ್ತು ಕೊಳ್ಳುವ ತರುಣರು ಹಲ್ಲು ತೋರಿಸಿ ಅವರ ಅಭಿಪ್ರಾಯ ಕೇಳುತ್ತಿದ್ದರಂತೆ. ಹುಡುಗನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ರೈತರು ನೋಡಿ ಕಲಿಯುತ್ತಿದ್ದರು. ವರ್ಷಕ್ಕೊಮ್ಮೆ ಒಂದೆಡೆ ಕೂಡಿ, ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಿ ಕಲಿಯುತ್ತಿದ್ದರು.

ರೈತನು ಕಿವಿಯನ್ನು ನಂಬುವುದಕ್ಕಿಂತ ಕಣ್ಣನ್ನು ಹೆಚ್ಚು ನಂಬುತ್ತಾನೆ. ಬೆಳಗಾವಿಯಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೦೩ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿ ಕೆಡುವುದೆಂದು ಹೆದರಿ ಜನರು ಅದನ್ನು ಕೊಳ್ಳಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ಉತ್ತ ಹೊಲವನ್ನು ಕಣ್ಣಾರೆ ಕಂಡ ಮೇಲೆಯೇ ಆ ಭಯ ಹೋಯಿತು. ಆಳುವವರೂ ಈ ಗುಟ್ಟನ್ನು ತಿಳಿದುಕೊಂಡರು. ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ೧೮೮೦ರಲ್ಲಿ, ದಸರೆಯ ಜೊತೆಗೆ ವಸ್ತುಪ್ರದರ್ಶನ ಆರಂಭವಾಯಿತು. ನಮ್ಮ ಪುಣೆಯಲ್ಲಿಯೇ ೧೯೨೬ರಲ್ಲಿ ಮುಂಬಯಿ ಇಲಾಖೆಯ ದೊಡ್ಡ ಕೃಷಿ ಪ್ರದರ್ಶನ ನಡೆಯಿತು. ೧೯೮೬ರಲ್ಲಿ ಸ್ಥಾಪನೆಗೊಂಡ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ನಡೆಸುವ ಕೃಷಿ ಮೇಳಕ್ಕೆ ಉತ್ತರ ಕರ್ನಾಟಕದ ರೈತರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬೀಜ ಕೊಳ್ಳುತ್ತಾರೆ, ಬೆಳೆದು ನಿಂತ ಪ್ರಯೋಗದ ತಾಕುಗಳ ನಡುವೆ ಓಡಾಡುತ್ತಾರೆ. ಹೆಸರು ಬದಲಾಯಿತು, ಬುತ್ತಿಯ ಗಂಟು ಬದಲಾಗಲಿಲ್ಲ.

ದನಗಳ ಸಂತೆಗೆ ಮಾತ್ರ ದಿನಮಾನಗಳು ಕಠಿಣವಾಗಿವೆ. ಕಾರಣಗಳು ಒಂದೆರಡಲ್ಲ. ಪುಣೆಯ ಕೃಷಿ ಕಾಲೇಜಿನ ಪ್ರಾಚಾರ್ಯರಾಗಿದ್ದ ಹೆರಾಲ್ಡ್ ಮ್ಯಾನ್ ಎಂಬವರು ಪಿಂಪಳೆ ಸೌದಾಗರವೆಂಬ ಹಳ್ಳಿಯನ್ನು ಮನೆಮನೆಯಾಗಿ ಪರೀಕ್ಷಿಸಿ ೧೯೧೭ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಹೊಲಗಳು ತಲೆಮಾರಿನಿಂದ ತಲೆಮಾರಿಗೆ ತುಂಡು ತುಂಡಾಗುತ್ತಿರುವುದನ್ನು ಅವರು ಆಗಲೇ ತೋರಿಸಿಕೊಟ್ಟಿದ್ದರು. ಇಂದು ಆ ಪಿಂಪಳೆ ಸೌದಾಗರದಲ್ಲಿ ಮುಗಿಲು ಮುಟ್ಟುವ ಮನೆಗಳಿವೆ. ಉಳಿದ ಹಳ್ಳಿಗಳಲ್ಲಿಯೂ ಎರಡು ಎಕರೆಯ ರೈತನು ವರ್ಷವೆಲ್ಲ ಒಂದು ಜೋಡಿ ಎತ್ತುಗಳನ್ನು ಸಾಕುವುದು ದುಸ್ತರ. ತಾಸಿಗಿಷ್ಟು ಹಣವೆಂದು ಟ್ರ್ಯಾಕ್ಟರು ಬಾಡಿಗೆಗೆ ಸಿಗುವಾಗ ಯಾರು ತಾನೆ ಸಾಕಿಯಾರು? ೧೯೮೦ರಲ್ಲಿ ಭೀಮಾ ನದಿಗೆ ಉಜನಿಯ ಆಣೆಕಟ್ಟು ಮುಗಿದ ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಕಬ್ಬು ಹಬ್ಬಿತು. ನೀರು ಹರಿಯದ ಕಡೆಗಳಲ್ಲಿ ದಾಳಿಂಬೆ ಬಂದಿತು. ಸೊಲ್ಲಾಪುರದ ದಾಳಿಂಬೆಗೆ ೨೦೧೬ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಈ ಬೆಳೆಗಳಿಗೆ ಕಣವೂ ಬೇಡ, ಹಂತಿಯೂ ಬೇಡ. ೨೦೨೨ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ದನಗಳ ಸಂತೆಗಳನ್ನು ನಿಲ್ಲಿಸಬೇಕಾಯಿತು. ಬಂಡಿ ಓಟದ ಸ್ಪರ್ಧೆಗೆ ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮ್ಮತಿಯಿತ್ತುದರಿಂದ ಖಿಲಾರಿ ಹೋರಿಗಳಿಗೆ ಮತ್ತೆ ಬೆಲೆ ಬಂದಿದೆ. ಆದರೆ ಓಡುವ ಹೋರಿಯ ಬೆಲೆ ಬೇರೆ, ಉಳುವ ಎತ್ತಿನ ಬೆಲೆ ಬೇರೆ.

ಹಾಗೆಂದು ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಮಣ್ಣು ಎಂದು ಹೇಳುವವನು ನಾನಲ್ಲ. ನಡು ಬಾಗಿಸಿ ದುಡಿದವರಿಗೆ ಯಂತ್ರವು ಕೊಟ್ಟ ವಿಶ್ರಾಂತಿಯನ್ನು ನಗರದಲ್ಲಿ ಕುಳಿತು ಹಳಿಯುವುದು ನ್ಯಾಯವಲ್ಲ. ಈಚಿನ ವರ್ಷಗಳಲ್ಲಿ ಸಿದ್ಧೇಶ್ವರನ ಊರಿನಲ್ಲಿ ಯಂತ್ರ, ಬೀಜ, ಗೊಬ್ಬರಗಳ ಕೃಷಿ ಪ್ರದರ್ಶನವೂ ಏರ್ಪಡುತ್ತಿದೆ. ಅದು ಬೇಕು. ಆದರೆ ಮ್ಹಸವಡದ ರೈತನೂ ಅಕ್ಕಲಕೋಟೆಯ ರೈತನೂ ಪರಸ್ಪರ ಎದುರಾಗಿ ಕುಳಿತು ತಮ್ಮ ಅನುಭವವನ್ನು ಹೇಳಿಕೊಳ್ಳುವ ಜಾಗವೂ ಬೇಕು. ಅಂಗಡಿಯವನು ಯಂತ್ರದ ಗುಣಗಳನ್ನು ಹೇಳಿಯಾನು. ಜೊತೆಯದು ಕುಡಿಯದ ಹೊರತು ನೀರಿಗೆ ಬಾಯಿ ಹಚ್ಚದ ಎತ್ತಿನ ಸ್ವಭಾವವನ್ನು ಅದನ್ನು ಸಾಕಿದವನು ಮಾತ್ರ ಹೇಳಬಲ್ಲನು. ಹೊಸ ಬೀಜಕ್ಕೂ ಹೊಸ ಯಂತ್ರಕ್ಕೂ ಇಂಥ ಗುಟ್ಟುಗಳಿರುತ್ತವೆ. ಅವು ಬಳಸಿದವನಿಂದ ಬಳಸುವವನಿಗೆ ಹೋಗಬೇಕಾದ ಮಾತುಗಳು.

ವಿದ್ಯಾರ್ಥಿಗಳೇ, ಮುಂದಿನ ಸಂಕ್ರಾಂತಿಗೆ ಸಾಧ್ಯವಾದರೆ ಹಿರಿಯರೊಡನೆ ಸೊಲ್ಲಾಪುರಕ್ಕೆ ಹೋಗಿಬನ್ನಿ. ಕೆರೆಯ ನಡುವಿನ ಗುಡಿಯನ್ನು ನೋಡಿರಿ. ಎಣ್ಣೆಮಜ್ಜನ, ಕಪ್ಪಡಕಳಿ ಎಂಬ ಮಾತುಗಳನ್ನು ಮರಾಠಿ ಬಾಯಿಗಳಿಂದ ಕೇಳಿರಿ. ದನಗಳ ದಾವಣಿಯಲ್ಲಿ ಯಾರಾದರೂ ಮುದುಕರು ಕಂಡರೆ ಹಲ್ಲು ನೋಡುವುದನ್ನು ಕಲಿಸಿಕೊಡಿರೆಂದು ಕೇಳಿರಿ; ಅವರು ಬೇಡವೆನ್ನಲಾರರು. ಹೋಗಲು ಆಗದಿದ್ದರೆ ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಅವರ ಊರಿನ ಜಾತ್ರೆಯ ವಿಷಯವಾಗಿ ವಿಚಾರಿಸಿರಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದಿಡಿರಿ. ಈ ವಾರ್ಷಿಕ ಸಂಚಿಕೆಯೂ ಒಂದು ಬಗೆಯ ಜಾತ್ರೆಯೇ ಅಲ್ಲವೇ? ವರ್ಷವಿಡೀ ಬೆಳೆದುದನ್ನು ನಾವು ಇಲ್ಲಿ ಎಲ್ಲರ ಕಣ್ಣಿಗೆ ಒಡ್ಡುತ್ತೇವೆ. ಬರುವ ವರ್ಷದ ಸಂಚಿಕೆಯಲ್ಲಿ ನಿಮ್ಮ ಊರುಗಳ ಜಾತ್ರೆಗಳನ್ನು ಓದುವ ಭಾಗ್ಯ ನನಗೆ ದೊರೆಯಲಿ.